ಮನೆಯಲ್ಲೇ ಟೈಲರಿಂಗ್: ಗಂಟೆಗೆ ಬೆಲೆ ಕಟ್ಟಿ ಹುರುಪು ಉಳಿಸಿಕೊಳ್ಳುವ ಬಗೆ

ಮನೆಯಲ್ಲಿ ಬ್ಲೌಸ್ ಹೊಲಿಯಲು ಶುರು ಮಾಡಿ, ವರ್ಷ ತುಂಬುವ ಮುಂಚೆ ಮೆಷಿನ್ ಮೇಲೆ ಬೆಡ್‌ಶೀಟ್ ಹೊದಿಸಿ ಮೂಲೆಗೆ ತಳ್ಳಿದವರು ಬೀದಿಗೊಬ್ಬರು ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಹೊಲಿಗೆ ಚೆನ್ನಾಗಿಯೇ ಬರುತ್ತದೆ, ಗಿರಾಕಿಗಳೂ ಇದ್ದರು. ರಾತ್ರಿ ಹನ್ನೊಂದರವರೆಗೆ ಹುಕ್ಕು ಹಾಕುತ್ತಾ ಕೂತರೂ ತಿಂಗಳ ಕೊನೆಗೆ ಪರ್ಸಿನಲ್ಲಿ ಏನೂ ಉಳಿಯದಿದ್ದಾಗ ಮನಸ್ಸು ಸೋಲುತ್ತದೆ. ಆಮೇಲೆ "ಯಾಕೋ ಇಂಟರೆಸ್ಟೇ ಹೋಯ್ತು" ಎನ್ನುತ್ತಾರೆ. ಆದ್ದರಿಂದ ಹುರುಪಿನ ಮಾತನ್ನು ಲೆಕ್ಕದಿಂದಲೇ ಶುರು ಮಾಡಬೇಕು. ಇಲ್ಲಿ ಉದಾಹರಣೆಗೆ ಲೈನಿಂಗ್ ಬ್ಲೌಸ್ ಹೊಲಿಯುವ ಒಬ್ಬರೇ ಟೈಲರ್ ಅನ್ನು ಇಟ್ಟುಕೊಂಡಿದ್ದೇವೆ. ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಊರಿನ ದರ, ನಿಮ್ಮ ಕೈಯ ವೇಗ ಹಾಕಿ ಮತ್ತೆ ಮಾಡಿಕೊಳ್ಳಿ.

ಮೊದಲು ಒಂದು ವಾರ, ಬರೀ ಬರೆದಿಡಿ

ಮೆಷಿನ್ ಪಕ್ಕದಲ್ಲಿ ಒಂದು ನೋಟ್‌ಬುಕ್, ಎದುರಿಗೆ ಒಂದು ಗಡಿಯಾರ. ಕೆಲಸ ಬದಲಾದಾಗಲೆಲ್ಲ ಸಮಯ ಬರೆಯಿರಿ: 10.05 ಕಟಿಂಗ್, 10.30 ಹೊಲಿಗೆ, 10.50 ಪಕ್ಕದ ಮನೆಯವರು ಬಂದರು, 11.15 ಮತ್ತೆ ಹೊಲಿಗೆ. ಫೋನಿನಲ್ಲಿ ಮಾತಾಡಿದ್ದು, ಮ್ಯಾಚಿಂಗ್ ದಾರಕ್ಕೆ ಅಂಗಡಿಗೆ ಹೋಗಿದ್ದು, ಕರೆಂಟ್ ಹೋಗಿ ಕಾದದ್ದು, ಹೊಲಿದದ್ದನ್ನು ಬಿಚ್ಚಿದ್ದು, ಎಲ್ಲವೂ ಬರಬೇಕು. ಈ ವಾರ ಏನನ್ನೂ ಸುಧಾರಿಸಲು ಹೋಗಬೇಡಿ, ಎಂದಿನಂತೆಯೇ ಕೆಲಸ ಮಾಡಿ. ಬಹಳ ಜನ ಎರಡನೇ ದಿನಕ್ಕೇ ಬರೆಯುವುದನ್ನು ಬಿಡುತ್ತಾರೆ, ಏಕೆಂದರೆ ಕಾಣಿಸುವ ಅಂಕಿ ಇಷ್ಟವಾಗುವುದಿಲ್ಲ. ಆರು ದಿನ ಹಲ್ಲು ಕಚ್ಚಿ ಬರೆಯಿರಿ.

ವಾರದ ಕೊನೆಗೆ ಎರಡು ಮೊತ್ತ ಕೂಡಿ. ಒಂದು, ಕೆಲಸದ ಹೆಸರಲ್ಲಿ ಒಟ್ಟು ಹೋದ ಸಮಯ. ಇನ್ನೊಂದು, ಕೈ ಬಟ್ಟೆಯ ಮೇಲಿದ್ದ ಸಮಯ, ಅಂದರೆ ಕಟಿಂಗ್, ಹೊಲಿಗೆ, ಹೆಮ್ಮಿಂಗ್, ಹುಕ್ಕು, ಇಸ್ತ್ರಿ. ದಿನಕ್ಕೆ 5 ಗಂಟೆ ಕೆಲಸ ಎಂದುಕೊಂಡವರಿಗೆ ಕೈ ಬಟ್ಟೆಯ ಮೇಲಿದ್ದದ್ದು 3 ಗಂಟೆ ಎಂದು ಬಂದರೆ ಗಾಬರಿ ಬೇಡ, ಅದೇನೂ ಕಡಿಮೆಯಲ್ಲ. ಅಳತೆ ತೆಗೆಯುವುದು, ಕೊಡುವುದು, ಲೆಕ್ಕ, ಸಾಮಾನು ತರುವುದು ಇವೆಲ್ಲ ಬೇಕಾದ ಕೆಲಸವೇ. ಆದರೆ ದುಡ್ಡು ಬರುವುದು ಆ 3 ಗಂಟೆಯಿಂದ ಮಾತ್ರ. ಉಳಿದ 2 ಗಂಟೆಯ ಕೂಲಿಯನ್ನೂ ಆ ಮೂರು ಗಂಟೆಯೇ ದುಡಿದು ಕೊಡಬೇಕು.

ಒಂದು ಸಾದಾ ಲೈನಿಂಗ್ ಬ್ಲೌಸಿಗೆ ಹೀಗೆ ಬಂತು ಎಂದಿಟ್ಟುಕೊಳ್ಳಿ: ಕಟಿಂಗ್ 25 ನಿಮಿಷ, ಹೊಲಿಗೆ 85, ಹೆಮ್ಮಿಂಗ್ ಮತ್ತು ಹುಕ್ಕು 30, ಇಸ್ತ್ರಿ 10. ಒಟ್ಟು 150 ನಿಮಿಷ, ಎರಡೂವರೆ ಗಂಟೆ.

ಗಂಟೆಯ ದರ ಕಟ್ಟುವುದು

ತಿಂಗಳಿಗೆ 25 ದಿನ, ದಿನಕ್ಕೆ ಕೈಕೆಲಸದ 3 ಗಂಟೆ. ಅಂದರೆ 75 ಗಂಟೆ. ಇದೇ ನೀವು ಮಾರಲು ಇರುವ ಸರಕು.

ಈಗ ಮನೆಗೆ ಬರಬೇಕಾದ ಹಣ ಎಷ್ಟು ಎಂದು ತೀರ್ಮಾನಿಸಿ. 8,000 ರೂಪಾಯಿ ಎನ್ನೋಣ. ಇದರ ಮೇಲೆ ತಿಂಗಳ ಖರ್ಚು: 12,000 ರೂಪಾಯಿಯ ಮೆಷಿನ್ ಮತ್ತು ಮೋಟರ್ ಐದು ವರ್ಷ ಬಾಳಿದರೆ ತಿಂಗಳಿಗೆ 200. ಸರ್ವೀಸ್, ಸೂಜಿ, ಎಣ್ಣೆಗೆ 150. ಮೊಬೈಲ್ ರೀಚಾರ್ಜಿನ ಪಾಲು 150. ಕವರ್, ಬಿಲ್ ಬುಕ್, ಆಟೋ ಎಲ್ಲ ಸೇರಿ 100. ಕರೆಂಟಿಗೆ 100. ಸುಮಾರು 100 ವಾಟಿನ ಮೋಟರು 75 ಗಂಟೆ ಓಡಿದರೂ 7.5 ಯೂನಿಟ್, ಇಸ್ತ್ರಿ ಪೆಟ್ಟಿಗೆಗೆ ಇನ್ನು ನಾಲ್ಕೈದು, ಅಷ್ಟೇ. ಗೃಹಜ್ಯೋತಿಯಲ್ಲಿ ಬಿಲ್ ಬರದಿದ್ದರೂ ಈ ನೂರನ್ನು ಲೆಕ್ಕದಿಂದ ತೆಗೆಯಬೇಡಿ. ಸರ್ಕಾರದ ಸವಲತ್ತು ನಿಮ್ಮ ಮನೆಗೆ ಸಿಕ್ಕಿದ್ದು, ಗಿರಾಕಿಯ ಬ್ಲೌಸಿಗಲ್ಲ.

ಒಟ್ಟು ಖರ್ಚು 700. ಬೇಕಾದದ್ದು 8,700. ಅದನ್ನು 75ರಿಂದ ಭಾಗಿಸಿದರೆ ಗಂಟೆಗೆ 116 ರೂಪಾಯಿ. ನೆನಪಿಟ್ಟುಕೊಳ್ಳಲು ಇನ್ನೂ ಸುಲಭ: ನಿಮಿಷಕ್ಕೆ ಸುಮಾರು ಎರಡು ರೂಪಾಯಿ.

ಗಂಟೆಗೆ 116 ಎಂದಾಕ್ಷಣ "ಅಷ್ಟು ಯಾರು ಕೊಡ್ತಾರೆ" ಎನಿಸಬಹುದು. ಒಮ್ಮೆ ಹೋಲಿಸಿ. ಗಾರ್ಮೆಂಟ್ಸಿಗೆ ಹೋದರೆ ತಿಂಗಳಿಗೆ 13,000 ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆ, 26 ದಿನ, 208 ಗಂಟೆ. ಗಂಟೆಗೆ 62 ರೂಪಾಯಿ 50 ಪೈಸೆ. ನೀವು ಮನೆಯಲ್ಲಿ 8,000ಕ್ಕೆ ಕೊಡುತ್ತಿರುವುದು ಒಟ್ಟು 125 ಗಂಟೆ, ಗಂಟೆಗೆ 64. ಅಲ್ಲಿ ಪಿಎಫ್, ಇಎಸ್‌ಐ ಇದೆ, ನಿಮಗಿಲ್ಲ. ನಿಮಗೆ ಬಸ್ಸಿನ ಓಡಾಟವಿಲ್ಲ, ಮಗುವಿಗೆ ಜ್ವರ ಬಂದ ದಿನ ರಜೆ ಚೀಟಿ ಬರೆಯಬೇಕಿಲ್ಲ. ಹೆಚ್ಚು ಕಡಿಮೆ ಸಮ. ಹೀಗಾಗಿ 116 ದುರಾಸೆಯ ದರವೇನೂ ಅಲ್ಲ, ಕೂಲಿಯ ದರ.

ಇನ್ನು ಬ್ಲೌಸಿನ ಬೆಲೆ: ಎರಡೂವರೆ ಗಂಟೆಗೆ 290. ಲೈನಿಂಗ್ ಬಟ್ಟೆ 55, ದಾರ, ಹುಕ್ಕು, ಕ್ಯಾನ್ವಾಸ್ 15. ಒಟ್ಟು 360.

ಬೀದಿಯ ದರ 300 ಇದ್ದರೆ?

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 360 ಕೇಳಲು ಮುಜುಗರವಾಗಿ 300 ಎಂದುಬಿಡುತ್ತಾರೆ, ಆ 60ನ್ನು ತಮ್ಮ ನಿದ್ದೆಯಿಂದ ತುಂಬುತ್ತಾರೆ. ಅದರ ಬದಲು 30 ನಿಮಿಷ ಎಲ್ಲಿ ಉಳಿಸಬಹುದು ನೋಡಿ.

ಪೇಪರ್ ಡ್ರಾಫ್ಟ್: ಪ್ರತಿ ಗಿರಾಕಿಯ ಅಳತೆಗೆ ಒಮ್ಮೆ ದಪ್ಪ ಬ್ರೌನ್ ಪೇಪರಿನಲ್ಲಿ ಹಿಂಭಾಗ, ಮುಂಭಾಗ, ತೋಳು, ಪಟ್ಟಿ ಕತ್ತರಿಸಿ, ಹೆಸರು ಮತ್ತು ತಾರೀಖು ಬರೆದು ಕವರಿನಲ್ಲಿ ಹಾಕಿಡಿ. ಎರಡನೇ ಬ್ಲೌಸಿನ ಕಟಿಂಗ್ 25 ನಿಮಿಷದಿಂದ 12-15ಕ್ಕೆ ಇಳಿಯುತ್ತದೆ. ಕವರಿನ ಮೇಲೆ "ಎಡ ಭುಜ ಸ್ವಲ್ಪ ಇಳಿದಿದೆ", "ಕುತ್ತಿಗೆ ಹಿಂದೆ 8 ಇಂಚು ಬೇಕು, ಡೋರಿ (ಬೆನ್ನಿಗೆ ಕಟ್ಟುವ ದಾರ) ಬೇಡ" ಎಂಬಂಥ ಮಾತು ಬರೆದಿಡುವುದು ಅಳತೆಯಷ್ಟೇ ಮುಖ್ಯ. ಎರಡನೇ ಸಲ ಬಂದಾಗ ನೀವೇ ಅದನ್ನು ಹೇಳಿದರೆ, ಆ ಗಿರಾಕಿ ಮುಂದೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ಕಡಿಮೆ.

ಗುಂಪು ಕೆಲಸ: ನಾಲ್ಕು ಬ್ಲೌಸ್ ಒಟ್ಟಿಗೆ ಕತ್ತರಿಸಿ, ಬಣ್ಣದ ಪ್ರಕಾರ ಜೋಡಿಸಿ. ಕೆಂಪು, ಮೆರೂನ್ ಒಂದೇ ದಿನ; ಹಸಿರು ಇನ್ನೊಂದು ದಿನ. ದಾರ, ಬಾಬಿನ್ ಬದಲಿಸುವುದು ತಪ್ಪುತ್ತದೆ. ನಾಲ್ಕರ ತೋಳೂ ಒಟ್ಟಿಗೆ, ನಾಲ್ಕರ ಪಟ್ಟಿಯೂ ಒಟ್ಟಿಗೆ.

ಲೈನಿಂಗ್ ದಾಸ್ತಾನು: ಒಂದೊಂದು ಬ್ಲೌಸಿಗೂ ಲೈನಿಂಗ್ ತರಲು ಪೇಟೆಗೆ ಹೋಗಿಬಂದರೆ ಒಂದು ಗಂಟೆ, ಅಂದರೆ 116 ರೂಪಾಯಿ. ಬ್ಲೌಸಿನ ಮೂರನೇ ಒಂದು ಭಾಗ ದಾರಿಯಲ್ಲೇ ಹೋಯಿತು. ಓಡುವ ಹತ್ತು ಬಣ್ಣ (ಕೆಂಪು, ಮೆರೂನ್, ಹಸಿರಿನಲ್ಲಿ ಎರಡು, ನೇವಿ ಬ್ಲೂ, ಕಪ್ಪು, ಕ್ರೀಮ್, ಗುಲಾಬಿ, ಹಳದಿ, ನೇರಳೆ) ತಲಾ 4 ಮೀಟರ್ ತಂದಿಡಿ. ಮೀಟರಿಗೆ 55ರಂತೆ 2,200 ರೂಪಾಯಿ ಬಂಡವಾಳ. ಬೆಂಗಳೂರಿನವರು ಚಿಕ್ಕಪೇಟೆಯ ಹೋಲ್‌ಸೇಲಿನಲ್ಲಿ ತಂದರೆ ಇನ್ನೂ ಕಡಿಮೆಗೆ ಬರುತ್ತದೆ.

ಹೊರಗೆ ಕೊಡುವುದು: ಹೆಮ್ಮಿಂಗ್, ಹುಕ್ಕನ್ನು ಪಕ್ಕದ ಬೀದಿಯವರಿಗೆ ಬ್ಲೌಸಿಗೆ 30 ರೂಪಾಯಿಯಂತೆ ಕೊಡಬಹುದು. ನಿಮ್ಮ ಅರ್ಧ ಗಂಟೆಗೆ 58 ರೂಪಾಯಿ, ಅವರಿಗೆ ಕೊಟ್ಟದ್ದು 30, ಲಾಭವೇ. ಆದರೆ ಉಳಿದ ಆ ಅರ್ಧ ಗಂಟೆಗೆ ನಿಮ್ಮ ಬಳಿ ಬೇರೆ ಬಟ್ಟೆ ಕಾದಿರಬೇಕು. ಆರ್ಡರ್ ಇಲ್ಲದ ವಾರ ಹುಕ್ಕು ಹೊರಗೆ ಕೊಟ್ಟು ನೀವು ರೀಲ್ಸ್ ನೋಡುತ್ತಾ ಕೂತರೆ 30 ರೂಪಾಯಿ ನೇರ ನಷ್ಟ.

ಇಷ್ಟೆಲ್ಲ ಆದಮೇಲೂ 300ಕ್ಕೆ ಗಿಟ್ಟದಿದ್ದರೆ ಬೆಲೆ ಏರಿಸುವುದೊಂದೇ ದಾರಿ. ಹಳೆಯ ಗಿರಾಕಿಗಳಿಗೆ ಹಬ್ಬದ ಮಧ್ಯೆ ಏಕಾಏಕಿ ಏರಿಸಬೇಡಿ. ಯುಗಾದಿಗೆ ಹೊಸ ದರಪಟ್ಟಿ ಬರೆದು ಗೋಡೆಗೆ ಅಂಟಿಸಿ. ಬಾಯಲ್ಲಿ ಹೇಳಿದ ದರಕ್ಕೆ ಚೌಕಾಸಿ ಬರುತ್ತದೆ. ಗೋಡೆಯ ಮೇಲಿನ ದರಕ್ಕೆ ಬರುವುದು ಕಡಿಮೆ. ಸಾದಾ, ಲೈನಿಂಗ್, ಪ್ರಿನ್ಸೆಸ್ ಕಟ್, ಕಟೋರಿ, ಪೈಪಿಂಗ್, ಡೋರಿ ಎಂದು ಒಂದೊಂದಕ್ಕೂ ಬೇರೆ ಸಾಲು ಇರಲಿ. "ಒಂದು ಡೋರಿ ತಾನೇ, ಹಾಕ್ಕೊಡಿ" ಎನ್ನುವ ಮಾತಿಗೆ 15 ನಿಮಿಷ ಹೋಗುತ್ತದೆ, ಅಂದರೆ 30 ರೂಪಾಯಿ.

ಎಲ್ಲ ಗಂಟೆಗಳೂ ಒಂದೇ ಅಲ್ಲ

ಬೆಳಗ್ಗೆ ಹತ್ತರ ಬೆಳಕಿನಲ್ಲಿ ಕುಳಿತ ಒಂದು ಗಂಟೆಗೂ ರಾತ್ರಿ ಹತ್ತರ ಒಂದು ಗಂಟೆಗೂ ಬಹಳ ವ್ಯತ್ಯಾಸ. ಕಪ್ಪು ಬಟ್ಟೆಗೆ ಕಪ್ಪು ದಾರ, ರೇಷ್ಮೆಯ ಅಂಚನ್ನು ತೋಳಿಗೆ ಕೂರಿಸುವುದು, ಇವೆಲ್ಲ ಹಗಲಿನ ಕೆಲಸ. ರಾತ್ರಿ ಕಟಿಂಗ್ ಮಾಡಲೇಬೇಡಿ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಸೀರೆಯ ಬ್ಲೌಸ್ ಪೀಸ್ ಎಲ್ಲಿಂದ ತರುತ್ತೀರಿ?

ದಿನದ ಒಂದು ಜೋಡಣೆ ಹೀಗಿರಬಹುದು. ಮಕ್ಕಳು ಸ್ಕೂಲಿಗೆ ಹೋದ ಮೇಲೆ 10ರಿಂದ 12.30, ಕಟಿಂಗ್ ಮತ್ತು ಮೆಷಿನ್. ಈ ಹೊತ್ತಿನಲ್ಲಿ ಫೋನ್ ಇನ್ನೊಂದು ಕೋಣೆಯಲ್ಲಿ. ಊಟವಾದ ಮೇಲೆ ಅರ್ಧ ಗಂಟೆ ಹುಕ್ಕು, ಹೆಮ್ಮಿಂಗ್. ಸಂಜೆ 5ರಿಂದ 6.30 ಗಿರಾಕಿಗಳಿಗೆ: ಅಳತೆ, ಟ್ರಯಲ್, ಡೆಲಿವರಿ. ಆಮೇಲೆ ಅರ್ಧ ಗಂಟೆ ಲೆಕ್ಕ, ವಾಟ್ಸಾಪ್ ಉತ್ತರ, ನಾಳೆಯ ದಾರ ತೆಗೆದಿಡುವುದು. ಅಲ್ಲಿಗೆ 5 ಗಂಟೆ ಮುಗಿಯಿತು. ನಲವತ್ತೈದು ನಿಮಿಷಕ್ಕೊಮ್ಮೆ ಎದ್ದು ಬೆನ್ನು ನೇರ ಮಾಡಿ. ಕುರ್ಚಿ ಕೆಳಗಾಗಿ ಭುಜ ಎತ್ತಿ ಹೊಲಿಯುವವರಿಗೆ ಕ್ರಮೇಣ ಕುತ್ತಿಗೆ ನೋವು ಬರುತ್ತದೆ, ಅದನ್ನೇ "ಬೇಜಾರು" ಎಂದು ತಪ್ಪು ತಿಳಿಯುತ್ತಾರೆ.

ಸೀರೆ ಕುಚ್ಚಿನ ಮಾತು ಬೇರೆ. ನಾಲ್ಕು ಗಂಟೆಯ ಕುಚ್ಚಿಗೆ 300 ರೂಪಾಯಿ ಎಂದರೆ ಗಂಟೆಗೆ 75. ಹಗಲಿನ ಆ ಎರಡೂವರೆ ಗಂಟೆಯಲ್ಲಿ ಇದನ್ನು ಮಾಡಿದರೆ ನಷ್ಟ. ಆದರೆ ಮಗುವಿಗೆ ಹೋಮ್‌ವರ್ಕ್ ಮಾಡಿಸುವಾಗ, ಕರೆಂಟ್ ಹೋದಾಗ, ಮೆಷಿನ್ ರಿಪೇರಿಗೆ ಹೋದ ದಿನ ಬೇರೆ ಯಾವ ಕೆಲಸವೂ ಆಗದ ಹೊತ್ತಿನಲ್ಲಿ 75 ಒಳ್ಳೆಯ ಸಂಪಾದನೆಯೇ. ಕೈಯಲ್ಲಿ ಫಾಲ್ಸ್ ಹಾಕುವುದಕ್ಕೂ ಇದೇ ಮಾತು. ಹೀಗೆ ಬಿಡಿ ಹೊತ್ತಿಗೆಂದು ಒಂದು ಬುಟ್ಟಿ ಬೇರೆ ಇಡಿ, ಹಗಲಿನ ಕೆಲಸದ ಜೊತೆ ಬೆರೆಸಬೇಡಿ.

ತಾರೀಖು ಕೊಡುವ ಮುಂಚೆ

ವಾರಕ್ಕೆ ಆರು ದಿನ, ದಿನಕ್ಕೆ 3 ಗಂಟೆ, 18 ಗಂಟೆ. ಬ್ಲೌಸಿಗೆ 2.5ರಂತೆ ಏಳು. ಪುಸ್ತಕದಲ್ಲಿ ವಾರಕ್ಕೆ ಏಳು ಮನೆ ಎಳೆಯಿರಿ, ಆರಕ್ಕೆ ಮಾತ್ರ ಹೆಸರು ಬರೆಯಿರಿ. ಏಳನೆಯದು ಖಾಲಿ. ಅದು ಅರ್ಜೆಂಟಿಗೆ. ಅರ್ಜೆಂಟಿನ ದರ 150 ಹೆಚ್ಚು ಎಂದು ಪಟ್ಟಿಯಲ್ಲೇ ಇರಲಿ. ಅರ್ಜೆಂಟ್ ಬರದ ವಾರ ಆ ಮನೆ ಆಲ್ಟ್ರೇಷನ್‌ಗೆ, ತಡವಾದದ್ದಕ್ಕೆ ಒದಗುತ್ತದೆ. ಏಳನ್ನೂ ತುಂಬಿದರೆ ಒಂದು ದಿನ ಕರೆಂಟ್ ಹೋದರೂ ಮುಂದಿನ ಎಲ್ಲ ತಾರೀಖುಗಳೂ ಸಾಲಾಗಿ ಜಾರುತ್ತವೆ.

ತಾರೀಖು ಹೇಳುವಾಗ "ನಾಲ್ಕೈದು ದಿನ ಬಿಟ್ಟು ಬನ್ನಿ" ಎನ್ನಬೇಡಿ. ಅವರು ನಾಲ್ಕನೇ ದಿನ ಬೆಳಗ್ಗೆಯೇ ಬರುತ್ತಾರೆ, ಐದನೇ ದಿನವೂ ಬರುತ್ತಾರೆ. ಎರಡು ಸಲ ಬಾಗಿಲು ತೆರೆದು ಎರಡು ಸಲ ಸಮಾಧಾನ ಹೇಳಬೇಕು. "ಮುಂದಿನ ಬುಧವಾರ ಸಂಜೆ ಐದರ ಮೇಲೆ ಬನ್ನಿ ಅಕ್ಕ, ರೆಡಿ ಇರತ್ತೆ. ಮಂಗಳವಾರ ರಾತ್ರಿ ವಾಟ್ಸಾಪ್‌ನಲ್ಲಿ ಫೋಟೋ ಹಾಕ್ತೀನಿ" ಎಂದರೆ ಮಧ್ಯೆ ಬರುವ ನಾಲ್ಕು ಫೋನ್ ತಪ್ಪುತ್ತವೆ.

ಅರ್ಧ ಹಣ ಅಡ್ವಾನ್ಸ್. ಹೊಸಬರಾಗಲಿ, ಗೊತ್ತಿದ್ದವರಾಗಲಿ, ಅಡ್ವಾನ್ಸ್ ಬಾರದೆ ಕತ್ತರಿ ಹಾಕಬೇಡಿ. ಹಣ ಕೊಟ್ಟವರು ಹೇಳಿದ ದಿನ ಬಂದು ತೆಗೆದುಕೊಂಡು ಹೋಗುತ್ತಾರೆ, ಕೊಡದವರ ಬ್ಲೌಸ್ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತದೆ. ಬಾಕಿ ಬಾರದೆ ಕವರ್ ಹೊರಗೆ ಹೋಗಬಾರದು. ಕ್ಯೂಆರ್ ಕೋಡ್ ಮೆಷಿನ್ ಪಕ್ಕದಲ್ಲೇ ಅಂಟಿಸಿದ್ದರೆ "ಪರ್ಸ್ ತಂದಿಲ್ಲ" ಎನ್ನುವ ಮಾತಿಗೆ ಜಾಗವಿರುವುದಿಲ್ಲ.

ಐದು ನಿಮಿಷ ಉಳಿಸಲು ಹೋಗಿ ಮುಕ್ಕಾಲು ಗಂಟೆ ಕಳೆಯುವ ಕಡೆಗಳು

ಕಾಟನ್ ಲೈನಿಂಗ್ ನೀರಿಗೆ ಹಾಕದೆ ಕತ್ತರಿಸುವುದು. ಹೊಸ ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಮೇಲಿನ ರೇಷ್ಮೆ ಅಷ್ಟು ಕುಗ್ಗುವುದಿಲ್ಲ. ಫಲವಾಗಿ ಬ್ಲೌಸ್ ಒಳಗೆ ಎಳೆದಂತಾಗಿ ಮೇಲೆಲ್ಲ ಸುಕ್ಕು. ಗಿರಾಕಿ ವಾಪಸ್ ತರುತ್ತಾರೆ, ತಪ್ಪು ನಿಮ್ಮದೇ, ಪುಕ್ಕಟೆ ಸರಿಮಾಡಬೇಕು: 45 ನಿಮಿಷ, 90 ರೂಪಾಯಿ. ಲೈನಿಂಗ್ ತಂದ ದಿನವೇ ಎಲ್ಲವನ್ನೂ ಬಕೆಟ್ಟಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಮಡಿಸಿಡಿ. ಬಣ್ಣ ಬಿಡುವ ಕೆಂಪು, ಮೆರೂನನ್ನು ಬೇರೆ ಬಕೆಟ್ಟಿಗೆ.

ಅಳತೆ ಬ್ಲೌಸನ್ನು ಕುರುಡಾಗಿ ನಂಬುವುದು. "ಇದೇ ಅಳತೆಗೆ ಹೊಲೀರಿ" ಎಂದು ಕೊಟ್ಟ ಬ್ಲೌಸ್ ಎರಡು ವರ್ಷ ಹಳೆಯದಾಗಿ ಹಿಗ್ಗಿರಬಹುದು, ಅಥವಾ ಅವರೇ ದಪ್ಪಗಾಗಿರಬಹುದು. "ಇದು ಈಗ ಎಲ್ಲಿ ಬಿಗಿ, ಎಲ್ಲಿ ಸಡಿಲ?" ಎಂದು ಕೇಳಿ, ಎದೆ, ಸೊಂಟ, ತೋಳು ಮೂರನ್ನಾದರೂ ಟೇಪಿನಲ್ಲಿ ಮತ್ತೆ ತೆಗೆಯಿರಿ. ಸಡಿಲ ಚೂಡಿದಾರ್ ಮೇಲೆ ಟೇಪ್ ಹಿಡಿದರೆ ಒಂದೆರಡು ಇಂಚು ಹೆಚ್ಚಾಗಿ ಬರುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಂದರಿಂದ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಿ. ಆಗ ಬಿಗಿಯಾಯಿತು ಎಂದು ಬಂದರೂ ಹತ್ತು ನಿಮಿಷದ ಕೆಲಸ.

ಡೆಲಿವರಿ ವೇಳೆ ಹಾಕಿ ನೋಡಲು ಬಿಡದಿರುವುದು. ಅಲ್ಲೇ ಟ್ರಯಲ್ ಆದರೆ ಗುಂಡುಪಿನ್ ಹಾಕಿ ಗುರುತು ಮಾಡಿ ಮುಗಿಸಬಹುದು. ಮದುವೆಯ ಹಿಂದಿನ ರಾತ್ರಿ ಫೋನ್ ಬಂದರೆ ಆ ವಾರದ ಲೆಕ್ಕವೆಲ್ಲ ಕೆಡುತ್ತದೆ. ನಮ್ಮ ತಪ್ಪಿಗೆ ಹತ್ತು ದಿನದೊಳಗೆ ಪುಕ್ಕಟೆ, ಮಿಕ್ಕ ಆಲ್ಟ್ರೇಷನ್‌ಗೆ 50 ರೂಪಾಯಿ ಎಂದು ಬಿಲ್ಲಿನ ಕೆಳಗೆ ಸೀಲ್ ಹೊಡೆಸಿ.

"ಮನೇಲೇ ಇರ್ತೀಯಲ್ಲ"

ಸಮಯ ಸೋರುವ ದೊಡ್ಡ ತೂತು ಇದೇ, ಮತ್ತು ಇದಕ್ಕೆ ಟೇಪು ಕತ್ತರಿಯಿಂದ ಪರಿಹಾರವಿಲ್ಲ. ಗ್ಯಾಸ್ ಸಿಲಿಂಡರ್ ಬರುತ್ತದೆ ತೆಗೆದುಕೋ, ಪಕ್ಕದ ಮನೆ ಕೊರಿಯರ್ ಇಟ್ಟುಕೋ, ಅತ್ತೆಯ ತಂಗಿ ಬಂದಿದ್ದಾರೆ ಕಾಫಿ ಮಾಡು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಮನೆಯಲ್ಲಿರುವವರು ಕೆಲಸದಲ್ಲಿದ್ದಾರೆ ಎಂದು ಕಣ್ಣಿಗೆ ಕಾಣುವ ಗುರುತು ಯಾವುದೂ ಇಲ್ಲ, ಅಷ್ಟೇ.

ಗುರುತು ಮಾಡಿಕೊಡಿ. ಮೆಷಿನನ್ನು ಹಾಲಿನ ಟಿವಿ ಎದುರಿನಿಂದ ತೆಗೆದು, ಬಾಗಿಲು ಹಾಕಬಹುದಾದ ಜಾಗಕ್ಕೆ ಸಾಗಿಸಿ. ಕೋಣೆ ಇಲ್ಲದಿದ್ದರೆ ಕಿಟಕಿಯ ಪಕ್ಕ ಗೋಡೆಗೆ ಮುಖ ಮಾಡಿ. ಗೇಟಿಗೆ "ಟೈಲರಿಂಗ್, ಸಮಯ ಸಂಜೆ 5ರಿಂದ 6.30" ಎಂಬ ಸಣ್ಣ ಬೋರ್ಡ್. ಮನೆಯವರ ಜೊತೆ ಒಂದೇ ಒಂದು ಒಪ್ಪಂದ ಸಾಕು, ಹತ್ತರಿಂದ ಹನ್ನೆರಡೂವರೆ ಕರೆಯುವಂತಿಲ್ಲ. ದಿನವಿಡೀ ತೊಂದರೆ ಕೊಡಬೇಡಿ ಎಂದರೆ ಯಾರೂ ಪಾಲಿಸುವುದಿಲ್ಲ, ಎರಡೂವರೆ ಗಂಟೆ ಎಂದರೆ ಪಾಲಿಸುತ್ತಾರೆ.

ನೆಂಟರ ಬ್ಲೌಸ್ ಪುಕ್ಕಟೆ ಹೊಲಿಯಬೇಕೇ? ನಮ್ಮ ಅಭಿಪ್ರಾಯ: ಹೊಲಿಯಿರಿ, ಆದರೆ ತಿಂಗಳಿಗೆ ಎರಡು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಳ್ಳಿ. ಮೂರನೆಯವರಿಗೆ "ಈ ತಿಂಗಳದ್ದು ತುಂಬಿದೆ ಚಿಕ್ಕಮ್ಮ, ಮುಂದಿನ ತಿಂಗಳು ಮೊದಲನೇದು ನಿಮ್ಮದೇ" ಎನ್ನಿ. ಹೊಲಿದ ಮೇಲೆ ಪುಸ್ತಕದಲ್ಲಿ 290 ಎಂದು ಬರೆದು ಪಕ್ಕದಲ್ಲಿ "ಉಡುಗೊರೆ" ಎಂದು ಬರೆಯಿರಿ. ಕೊಟ್ಟದ್ದು ಎಷ್ಟೆಂದು ನಿಮಗಾದರೂ ಗೊತ್ತಿದ್ದರೆ ಒಳಗೊಳಗೇ ಕುದಿಯುವುದು ತಪ್ಪುತ್ತದೆ.

ಗುರಿ ಎಷ್ಟು ದೂರ ಇಡಬೇಕು

ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ) ತರಬೇತಿ ಕೇಂದ್ರಗಳಿವೆ. ಊಟ, ವಸತಿ ಸಹಿತ ಉಚಿತ ತರಬೇತಿ. ಅಲ್ಲಿ ಹೊಲಿಗೆಯ ಜೊತೆಗೆ ಬಳೆ ಎಸೆಯುವಂಥ ಒಂದು ಆಟವನ್ನೂ ಆಡಿಸುತ್ತಾರೆ: ನೆಟ್ಟ ಗೂಟಕ್ಕೆ ರಿಂಗ್ ಎಸೆಯಬೇಕು, ಎಷ್ಟು ದೂರ ನಿಲ್ಲುವುದು ಎಂಬುದು ನಿಮಗೇ ಬಿಟ್ಟದ್ದು. ಕೆಲವರು ಗೂಟದ ಬುಡದಲ್ಲೇ ನಿಂತು ಹಾಕುತ್ತಾರೆ, ಕೆಲವರು ಹತ್ತು ಹೆಜ್ಜೆ ದೂರದಿಂದ ಅದೃಷ್ಟ ಪರೀಕ್ಷಿಸುತ್ತಾರೆ. ಸಾಧಿಸುವ ಛಲ ಇರುವವರು ನಡುವೆ ನಿಲ್ಲುತ್ತಾರೆ. ಪ್ರಯತ್ನ ಪಟ್ಟರೆ ಬೀಳುವ, ಪಡದಿದ್ದರೆ ಬೀಳದ ದೂರದಲ್ಲಿ. ಈ ಆಟದ ಹಿಂದಿರುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಅವರ ವಿಚಾರ. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಇಂಥ ತರಬೇತಿ ಕೊಟ್ಟು ನೋಡಿದವರು ಅವರು.

ಟೈಲರಿಂಗಿಗೆ ಇದನ್ನು ಅನ್ವಯಿಸಿ. ಕಳೆದ ವಾರ ನಾಲ್ಕು ಬ್ಲೌಸ್ ಆಗಿದ್ದರೆ ಈ ವಾರ ಐದು. ಹತ್ತು ಎಂದು ಬರೆದರೆ ಗುರುವಾರಕ್ಕೇ ಕೈಚೆಲ್ಲುತ್ತೀರಿ. ಗುರಿ ನಿಮ್ಮ ಕೈಯಲ್ಲಿರುವ ವಿಷಯದ್ದೇ ಆಗಿರಲಿ. "ಈ ತಿಂಗಳು ಇಪ್ಪತ್ತು ಗಿರಾಕಿ" ಎಂಬುದು ಬೇರೆಯವರ ಕೈಯಲ್ಲಿದೆ. "ಈ ವಾರ ಮೂರು ಸ್ಯಾಂಪಲ್ ತೋಳು ಹೊಲಿದು ಸ್ಟೇಟಸ್‌ಗೆ ಹಾಕುತ್ತೇನೆ" ಎಂಬುದು ನಿಮ್ಮ ಕೈಯಲ್ಲಿದೆ.

ದುಡ್ಡು ಕಣ್ಣಿಗೆ ಕಾಣಬೇಕು, ಅದಕ್ಕಿಂತ ದೊಡ್ಡ ಹುರುಪು ಇನ್ನೊಂದಿಲ್ಲ. ಗಿರಾಕಿ ಕೊಟ್ಟ 360 ಅದೇ ಸಂಜೆ ತರಕಾರಿಗೆ ಹೋದರೆ ನೀವು ದುಡಿದಿರಿ ಎಂದು ನಿಮಗೇ ಅನಿಸುವುದಿಲ್ಲ. ಹೊಲಿಗೆಯ ಹಣಕ್ಕೆ ಬೇರೆ ಉಳಿತಾಯ ಖಾತೆ ತೆರೆದು, ಯುಪಿಐ ಅದಕ್ಕೇ ಜೋಡಿಸಿ. ತಿಂಗಳ ಒಂದನೇ ತಾರೀಖು ಅದರಿಂದ ಮನೆಯ ಖಾತೆಗೆ ನಿಮ್ಮ "ಸಂಬಳ" ಹಾಕಿಕೊಳ್ಳಿ, 3,000 ಆದರೂ ಸರಿ.

ಆಷಾಢದ ತಿಂಗಳು

ಹುರುಪು ಇಳಿಯುವುದಕ್ಕೆ ಪಂಚಾಂಗದಲ್ಲೇ ಜಾಗವಿದೆ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ, ಆರ್ಡರ್ ಇರುವುದಿಲ್ಲ. ಹೊಸಬರು ಇದನ್ನು ತಮ್ಮ ಸೋಲು ಎಂದುಕೊಳ್ಳುತ್ತಾರೆ. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಆಮೇಲೆ ಗೌರಿ ಗಣೇಶ, ನವರಾತ್ರಿ, ದೀಪಾವಳಿ, ಕಾರ್ತೀಕದ ಮದುವೆಗಳು ಎಂದು ಒಂದರ ಹಿಂದೊಂದು. ಮೇ ಕೊನೆ, ಜೂನ್ ಮೊದಲಿಗೆ ಸ್ಕೂಲ್ ಯೂನಿಫಾರ್ಮ್ ಬೇರೆ. ಹೊಸದಾಗಿ ಶುರು ಮಾಡುವವರಿಗೆ ವರಮಹಾಲಕ್ಷ್ಮಿಗೆ ಎರಡು ತಿಂಗಳ ಮುಂಚೆ ಒಳ್ಳೆಯ ಕಾಲ. ಕೈ ಪಳಗಲು ಒಂದು ತಿಂಗಳು, ಅಕ್ಕಪಕ್ಕದವರಿಗೆ ಗೊತ್ತಾಗಲು ಇನ್ನೊಂದು.

ಆಷಾಢಕ್ಕೆ ಕೆಲಸದ ಪಟ್ಟಿ ಮೊದಲೇ ಬರೆದಿಡಿ: ಮೆಷಿನ್ ಸರ್ವೀಸ್, ಎಲ್ಲ ಗಿರಾಕಿಗಳ ಪೇಪರ್ ಡ್ರಾಫ್ಟ್, ಲೈನಿಂಗ್ ತಂದು ನೆನೆಸಿಡುವುದು, ಹೊಸ ಕುತ್ತಿಗೆ ವಿನ್ಯಾಸದ ನಾಲ್ಕು ಸ್ಯಾಂಪಲ್. ಹಬ್ಬಕ್ಕೆ ಮೂರು ವಾರ ಇರುವಾಗ ಹಳೆಯ ಗಿರಾಕಿಗಳಿಗೆ "ಹಬ್ಬದ ಬ್ಲೌಸ್ ಈ ತಾರೀಖಿನವರೆಗೆ ಮಾತ್ರ ತಗೊಳ್ತೀನಿ" ಎಂಬ ಸಂದೇಶ ಹೋಗಲಿ. ಹಬ್ಬದ ತಿಂಗಳ ಸಂಪಾದನೆಯಿಂದ ಒಂದು ಪಾಲು ಎತ್ತಿಟ್ಟು ಆಷಾಢದಲ್ಲಿ ಸಂಬಳ ಹಾಕಿಕೊಂಡರೆ ಆ ತಿಂಗಳು ಅಷ್ಟು ಭಾರವಾಗುವುದಿಲ್ಲ.

ಸರ್ಕಾರಿ ಕಾಗದ, ಚುಟುಕಾಗಿ

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಆಗುತ್ತದೆ, ಶುಲ್ಕವಿಲ್ಲ. ಸರ್ಕಾರಿ ವೆಬ್‌ಸೈಟಿನಂತೆಯೇ ಕಾಣುವ ಖಾಸಗಿ ಪುಟಗಳು ಹಣ ಕೇಳುತ್ತವೆ, ಎಚ್ಚರ. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲಿನ ಮಾತು, ಒಬ್ಬರೇ ಹೊಲಿಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ: ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000ದ ಇ-ವೋಚರ್, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ. 5ರ ಬಡ್ಡಿಯ ಸಾಲ. ಮನೆಯಲ್ಲಿ ಒಬ್ಬರಿಗೆ ಮಾತ್ರ. ಸಾಲ ಸಿಗುತ್ತದೆಂದು ತೆಗೆದುಕೊಳ್ಳಬೇಡಿ. ಪುಸ್ತಕದಲ್ಲಿ ವಾರದ ಏಳು ಮನೆಗಳೂ (ಅರ್ಜೆಂಟಿನದೂ ಸೇರಿ) ಸತತ ಮೂರು ತಿಂಗಳು ತುಂಬಿದ ಮೇಲೆ ಯೋಚಿಸಿ.

ಮೂರು ತಿಂಗಳಿಗೊಮ್ಮೆ ನೋಡಬೇಕಾದ ಲೆಕ್ಕ, ಮತ್ತು ಅಂಗಡಿಯ ಆಸೆ

ಒಟ್ಟು ಬಂದ ಹಣದಿಂದ ಬಟ್ಟೆ, ದಾರ, ತಿಂಗಳ ಖರ್ಚು ಕಳೆಯಿರಿ. ಉಳಿದದ್ದನ್ನು ಒಟ್ಟು ಗಂಟೆಯಿಂದ ಭಾಗಿಸಿ. ಮೊದಲ ಮೂರು ತಿಂಗಳು ಗಂಟೆಗೆ 30 ರೂಪಾಯಿ ಬಂದರೂ ಪರವಾಗಿಲ್ಲ, ಕೈ ಕೂಡಬೇಕಲ್ಲ. ಎರಡನೇ ಮೂರು ತಿಂಗಳಿಗೆ ಅದು ಏರಿರಬೇಕು. ಒಂದು ವರ್ಷವಾದರೂ 40ರ ಕೆಳಗೇ ಇದ್ದರೆ ಏನನ್ನು ಹೊಲಿಯುತ್ತೀರಿ, ಯಾರಿಗೆ ಹೊಲಿಯುತ್ತೀರಿ ಎಂಬುದನ್ನೇ ಬದಲಿಸಬೇಕು. ಬ್ಲೌಸ್ ಬಿಟ್ಟು ಯೂನಿಫಾರ್ಮ್, ಅಥವಾ ಸಾದಾ ಬಿಟ್ಟು ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ). ಇನ್ನೂ ಹೆಚ್ಚು ಹೊತ್ತು ದುಡಿಯುವುದು ಇದಕ್ಕೆ ಮದ್ದಲ್ಲ.

ಲೆಕ್ಕ ಚೆನ್ನಾಗಿದ್ದವರಿಗೆ ಬೇರೆ ಕಾಟ, ಅಂಗಡಿ ಹಾಕುವ ಆಸೆ. ಬಾಡಿಗೆ 4,000, ಕರೆಂಟ್ ಇತ್ಯಾದಿ 500, ಒಟ್ಟು 4,500 ಹೆಚ್ಚು ಬೇಕು. ನಿಮ್ಮ ಕೈ ತಿಂಗಳಿಗೆ ಮುಟ್ಟುವುದು 30 ಬ್ಲೌಸ್, ಅಂಗಡಿಗೆ ಹೋದ ಮಾತ್ರಕ್ಕೆ ಅದು ಏರುವುದಿಲ್ಲ. ಹಾಗಾಗಿ ಸಹಾಯಕ್ಕೆ ಒಬ್ಬರು ಬೇಕು. ಬ್ಲೌಸಿಗೆ 150ರಂತೆ ಅವರು ಹೊಲಿಗೆ, ಹುಕ್ಕು ಮಾಡುತ್ತಾರೆ, ಕಟಿಂಗ್, ಇಸ್ತ್ರಿ ನಿಮ್ಮದು, 35 ನಿಮಿಷಕ್ಕೆ 70 ರೂಪಾಯಿ. ಮಜೂರಿಯ 290ರಲ್ಲಿ ಉಳಿಯುವುದು 70. ಅದರಿಂದ 4,500 ಹುಟ್ಟಬೇಕಾದರೆ ಅವರೊಬ್ಬರೇ ಸುಮಾರು 64 ಬ್ಲೌಸ್ ಹೊಲಿಯಬೇಕು. ಅಷ್ಟಕ್ಕೆ ಕಟಿಂಗ್, ಇಸ್ತ್ರಿ ಮಾಡುವುದರಲ್ಲಿ ನಿಮ್ಮ 75 ಗಂಟೆಯಲ್ಲಿ 37 ಹೋಗುತ್ತದೆ, ಮಿಕ್ಕದ್ದರಲ್ಲಿ ನೀವು ಹೊಲಿಯುವುದು 15. ಅಂದರೆ ತಿಂಗಳಿಗೆ ಸುಮಾರು 80 ಬ್ಲೌಸ್ ಬಂದರೆ ನಿಮಗೆ ಸಿಗುವುದು ಮನೆಯಲ್ಲಿ 30ಕ್ಕೆ ಸಿಗುತ್ತಿದ್ದಷ್ಟೇ. 80 ದಾಟುವ ನಂಬಿಕೆ ಇಲ್ಲದಿದ್ದರೆ ಅಂಗಡಿ ಬೇಡ. ಅದೇ ಸಹಾಯಕರಿಗೆ ಕತ್ತರಿಸಿದ ಬಟ್ಟೆಯನ್ನು ಅವರ ಮನೆಗೇ ಕೊಟ್ಟು ಕಳಿಸಿದರೆ ಬ್ಲೌಸಿನ ಆ 70 ರೂಪಾಯಿ ಬಾಡಿಗೆಗೆ ಹೋಗದೆ ನಿಮ್ಮ ಖಾತೆಗೆ ಬರುತ್ತದೆ.